ಇಟ್ಟಿಗೆ ಮೇಲಿನ ಕಾಂಟೆಸ್ಸಾ

ತಾಲ್ಲೂಕು ಅನ್ನಿಸಿಕೊಳ್ಳಬೇಕಾದರೆ ಊರಿಗೆ ಒಂದು ತಹಸೀಲ್ದಾರ್ ಕಚೇರಿ, ಒಂದು ಖಜಾನೆ, ಒಂದು ಬಸ್ ಸ್ಟ್ಯಾಂಡು ಇರಬೇಕು. ಇದು ಸರ್ಕಾರದ ಲೆಕ್ಕ. ನನ್ನ ಲೆಕ್ಕದಲ್ಲಿ ಇನ್ನೊಂದು ಬೇಕು: ಹಳೇ ಕಾರೊಂದನ್ನು ಬಿಚ್ಚಿ ಹಾಕಿಕೊಂಡು ಕೂತ ಒಬ್ಬ ಮನುಷ್ಯ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇದ್ದ ಕಾಲಕ್ಕೆ ಅಲ್ಲಿ ಅಂಥವರೊಬ್ಬರು ತಯಾರಾಗಿದ್ದರು. ಈ ಊರು ಇವತ್ತಲ್ಲ ನಾಳೆ ತಾಲ್ಲೂಕಾಗುತ್ತದೆ ಎಂದು ನಾನು ಆಗಲೇ ಹೇಳಿದ್ದೆ, ಆಯಿತು. ಹಡಗಲಿಯಲ್ಲಿ ಜೀಪಿನವರಿದ್ದಾರೆ, ಹರಪನಹಳ್ಳಿಯಲ್ಲಿ ಫಿಯೆಟ್‌ನವರು. ನಮ್ಮ ಕೂಡ್ಲಿಗಿಗೆ ಕಾಂಟೆಸ್ಸಾ ಮಾಮ.

ಮಾಮನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಶೇಂಗಾ ವ್ಯಾಪಾರ, ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಫೀಲರ್ ಗೇಜು. ಕಾರಿನ ಕೀಲಿ ಸದಾ ಬೆರಳಲ್ಲಿ ತಿರುಗುತ್ತಿರುತ್ತದೆ. ಕಾರು ನಿಂತು ಹನ್ನೊಂದು ವರ್ಷವಾಯಿತು, ಕೀಲಿ ಒಂದು ದಿನವೂ ನಿಂತಿಲ್ಲ.

ಕಾರು ಇರುವುದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟುಕೊಂಡು. ಶೆಡ್ಡು ಕಾರಿಗಿಂತ ಗಿಡ್ಡ. ಹಾಗಾಗಿ ಮೂತಿ ಮಾತ್ರ ಬಿಸಿಲಿಗೆ. ಆ ಅಗಲವಾದ ಬಾನೆಟ್ಟಿನ ಮೇಲೆ ಮಾಮನ ಹೆಂಡತಿ, ನಮ್ಮ ಅತ್ತಿ, ಹಳೇ ಸೀರೆ ಹಾಸಿ ಸಂಡಿಗೆ ಒಣಹಾಕುತ್ತಾರೆ. "ಇಷ್ಟು ರೊಕ್ಕ ಸುರಿದಿದ್ದಕ್ಕ ಇದೊಂದು ಲಾಭ ನೋಡಪ. ಅಂಬಾಸಿಡರ್ ಆಗಿದ್ರ ಬಾನೆಟ್ ಉಬ್ಬು, ಸಂಡಿಗಿ ಜಾರಿ ಬೀಳ್ತಿದ್ವು" ಎನ್ನುತ್ತಾರೆ.

ಅತ್ತಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಎರಡೂ ಒಂದೇ ಮನೆಯ ಮಕ್ಕಳು. ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟರ್ಸ್‌ನವರೇ 1984ರಲ್ಲಿ ಕಾಂಟೆಸ್ಸಾ ತಂದದ್ದು. ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನದು, ಒಳಗೆ ಮೊದಮೊದಲು ಇದ್ದದ್ದು ಅಂಬಾಸಿಡರ್‌ನ 1489 ಸಿಸಿ ಎಂಜಿನ್ನು. ಪೈಲ್ವಾನನ ಮೈಗೆ ಗುಮಾಸ್ತನ ಎದೆ. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಎಂಜಿನ್ನು, ಐದು ಗೇರು ಬಂದವು. ಗಾಡಿ ನಿಜಕ್ಕೂ ಓಡತೊಡಗಿತು. ಸಿನಿಮಾದ ಖಳನಾಯಕರೂ ಜಿಲ್ಲೆಯ ಸಾಹೇಬರೂ ಒಂದೇ ಕಾರಿನಿಂದ ಇಳಿಯುವಂಥ ದಿನಗಳವು. ಮಾಮನದು ಇಸುಜು ಗಾಡಿ. "ಸಾಮಾನ್ಯ ಕಾರಲ್ಲ ಅಳಿಯಾ, ಪರ್ಫಾರ್ಮೆನ್ಸ್ ಕಾರು" ಎನ್ನುವಾಗ ಅವರ ಧ್ವನಿ ಮಠದಲ್ಲಿ ಮಾತಾಡುವಷ್ಟು ಮೆತ್ತಗಾಗುತ್ತದೆ.

ಈ ಪರ್ಫಾರ್ಮೆನ್ಸ್ ಕಾರಿನ ಕ್ಲಚ್ಚು ಹನ್ನೊಂದು ವರ್ಷದ ಹಿಂದೆ ಸಂಡೂರಿನ ಏರಿನಲ್ಲಿ ಜಾರಿತು. ಎಂಜಿನ್ನು ಕೂಗುತ್ತದೆ, ಗಾಡಿ ಏರದು. ಬೇರೆ ಯಾರೇ ಆಗಿದ್ದರೂ ಹೊಸ ಪ್ಲೇಟು ಹಾಕಿಸಿ ರಾತ್ರಿ ಊಟಕ್ಕೆ ಮನೆ ಸೇರುತ್ತಿದ್ದರು. ಆದರೆ ಗೇರ್‌ಬಾಕ್ಸು ಇಳಿದ ಕೂಡಲೇ ಮಾಮನ ಕಣ್ಣಿಗೆ ಫ್ಲೈವೀಲು ಬಿತ್ತು. ಡಿಪ್ಲೊಮಾ ಓದುವಾಗ ಮದ್ರಾಸಿನ ಹತ್ತಿರದ ಷೋಲಾವರಂಗೆ ಹೋಗಿ ಕಾರ್ ರೇಸು ನೋಡಿ ಬಂದವರು ಅವರು. ರೇಸಿನ ಗಾಡಿಗಳಿಗೆ ಫ್ಲೈವೀಲು ಕೊರೆದು ಹಗುರ ಮಾಡುತ್ತಾರೆಂದು ಅಲ್ಲಿ ಯಾರೋ ಹೇಳಿದ್ದರು. ಹೇಗೂ ಬಿಚ್ಚಿದ್ದಾಗಿದೆ, ನಾವೂ ಯಾಕೆ ಹಗುರ ಮಾಡಬಾರದು?

ಈ "ಹೇಗೂ ಬಿಚ್ಚಿದ್ದಾಗಿದೆ" ಎನ್ನುವ ಮಾತಿನಿಂದ ಹಾಳಾದಷ್ಟು ಸಂಸಾರ ಇಸ್ಪೀಟಿನಿಂದಲೂ ಹಾಳಾಗಿಲ್ಲ.

ಅಂದಿನಿಂದ ಮಾಮನ ಪಕ್ಕ ಊಟಕ್ಕೆ ಕೂರುವುದು ಕಷ್ಟ. ಹೋದ ವರ್ಷ ಕೊಟ್ಟೂರಿನ ಮದುವೆಯೊಂದರಲ್ಲಿ ಪಕ್ಕದ ಎಲೆಯವರು ಪಾಪ ಯಾರೋ ಮೇಷ್ಟ್ರು. "ಕ್ಲಚ್ ಅಂದ್ರ ಏನಂತ ತಿಳ್ಕಂಡೀರಿ?" ಎಂದು ಮಾಮ ಶುರು ಮಾಡಿದರು. ಖಡಕ್ ರೊಟ್ಟಿ ಎಲೆಯ ನಡುವೆ ಬಂತು, ಅದು ಫ್ಲೈವೀಲು, ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ತಿರುಗುತ್ತದೆ. ಅದರ ಮೇಲೆ ಹೋಳಿಗೆ, ಅದು ಕ್ಲಚ್ ಪ್ಲೇಟು, ಗೇರ್‌ಬಾಕ್ಸಿನ ಕಡೆಯದು. ಮೇಲೆ ಮೇಷ್ಟ್ರ ತಟ್ಟೆಯನ್ನೇ ಕಿತ್ತುಕೊಂಡು ಮುಚ್ಚಿದರು, ಪ್ರೆಷರ್ ಪ್ಲೇಟು. "ಸ್ಪ್ರಿಂಗು ಒತ್ತಿ ಹಿಡಿದಿರ್ತೈತಿ, ಮೂರೂ ಕೂಡಿ ತಿರುಗ್ತಾವು. ಪೆಡಲ್ ತುಳಿದ್ರ ತಟ್ಟಿ ಏಳ್ತೈತಿ, ಹೋಳಿಗಿ ಬಿಡುಗಡಿ." ಅಷ್ಟರಲ್ಲಿ ಬಡಿಸುವವನು ಹೋಳಿಗೆಯ ಮೇಲೆ ತುಪ್ಪ ಸುರಿದ. ಮಾಮ ಹೌಹಾರಿದರು. "ನೋಡಿದ್ರಾ! ಆಯಿಲ್ ಸೀಲ್ ಹೋದ್ರ ಇದೇ ಆಗಾದು. ಇನ್ನ ಪ್ಲೇಟು ಹಿಡಿಯಂಗಿಲ್ಲ, ಜಾರ್ತೈತಿ." ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ, ಪುಣ್ಯ ಬರುತ್ತದೆ, ಕ್ಲಚ್ ಪ್ಲೇಟಿಗೆ ಎರೆದರೆ ಗೇರ್‌ಬಾಕ್ಸ್ ಇಳಿಸುವ ಖರ್ಚು ಬರುತ್ತದೆ. ಮೇಷ್ಟ್ರಿಗೆ ಅಂದು ಹೋಳಿಗೆ ಸಿಗಲಿಲ್ಲ.

ಒಂದು ಕ್ಲಚ್ಚಿನಲ್ಲಿ ಹನ್ನೊಂದು ವರ್ಷ ಆಯ್ಕೆ ಮಾಡುವುದೇನಿದೆ ಎಂದು ನೀವು ಕೇಳಬಹುದು. ಮಾಮನನ್ನು ಕೇಳಬೇಡಿ. ಹಳೇ ಫ್ಲೈವೀಲನ್ನೇ ಇಡುವುದೋ, ಕೊರೆಸುವುದೋ, ಉಕ್ಕಿನದು ಹೊಸದಾಗಿ ಮಾಡಿಸುವುದೋ, ಅಲ್ಯೂಮಿನಿಯಂದು ತರಿಸುವುದೋ? ಪ್ಲೇಟು ಮಾಮೂಲಿಯದೋ, ಬಟನ್ನಿನದೋ? ಹಗುರ ಚಕ್ರವಾದರೆ ಆಕ್ಸಿಲರೇಟರ್ ಮುಟ್ಟಿದ ಕೂಡಲೇ ಎಂಜಿನ್ನು ಚಂಗನೆ ಏರುತ್ತದೆ, ಬಿಟ್ಟರೆ ಅಷ್ಟೇ ಬೇಗ ಇಳಿಯುತ್ತದೆ, ಗೇರು ಪಟಪಟ ಬೀಳುತ್ತವೆ. ಭಾರದ್ದಾದರೆ ನಿಧಾನ, ಆದರೆ ಏರಿನಲ್ಲಿ ನಿಂತ ಗಾಡಿ ಸುಲಭವಾಗಿ ಹೊರಡುತ್ತದೆ. ಹನ್ನೊಂದು ವರ್ಷ ಮಾಮ ಈ ಎರಡರ ನಡುವೆ ನ್ಯೂಟ್ರಲ್‌ನಲ್ಲಿದ್ದರು. ಅವರ ಮಾತು ಎಂದೂ ನಿಲ್ಲದ ಎಂಜಿನ್ನು, ಕೆಲಸ ಎಂದೂ ತಿರುಗದ ಗಾಲಿ. ನಡುವೆ ಕ್ಲಚ್ಚು ಇಲ್ಲ ಅಷ್ಟೆ.

ಸಲಹೆಗೆ ಐದೂ ತಾಲ್ಲೂಕು ಸುತ್ತಿದರು. ಹಗರಿಬೊಮ್ಮನಹಳ್ಳಿಯ ಟ್ರ್ಯಾಕ್ಟರ್ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು "ಬಟನ್ ಪ್ಲೇಟ್ ಹಾಕ್ರಿ" ಅಂದ. ಅವನ ಪಾಲಿಗೆ ಜಗತ್ತಿನಲ್ಲಿರುವುದೆಲ್ಲ ಟ್ರ್ಯಾಕ್ಟರ್ರೇ, ಕೆಲವಕ್ಕೆ ಹಿಂದಿನ ಗಾಲಿ ಸಣ್ಣವು. ಕೊಟ್ಟೂರಿನವರು ಮಿರ್ಚಿ ಮಂಡಕ್ಕಿ ಕೊಡಿಸಿ, ಗಾಡಿ ಮಾರಿಬಿಡಿ, ನಾನೇ ತಗೋತೀನಿ ಎಂದರು. ಮಾಮ ಅವರೊಂದಿಗೆ ಮಾತು ಬಿಟ್ಟರು.

ಹಡಗಲಿಯ ಹಳೇ ಮೇಸ್ತ್ರಿಯದು ಬೇರೆಯೇ ದರ್ಜೆ. ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಹೊಸಪೇಟೆಯಲ್ಲಿ ದಿನಕ್ಕೊಂದು ಕ್ಲಚ್ಚು ಕಟ್ಟಿ, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದ ಮೇಲೆ ಊರಿಗೆ ಬಂದು ಮಲ್ಲಿಗೆ ತೋಟ ಮಾಡಿಕೊಂಡವರು. ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ "ಸದ್ದಲೇ" ಎಂದಾಗ ಲಕ್ಷ ಜನ ಹೇಗೆ ಉಸಿರು ಹಿಡಿಯುತ್ತಾರೋ, ಇವರು ಕೈ ಎತ್ತಿದಾಗ ನಾವೂ ಹಾಗೇ ನಿಂತೆವು. ಒಂದೇ ಮಾತು ಬಂತು: "ಹಗುರಾದದ್ದು ಹಾರೀತು, ಭಾರಾದದ್ದು ಬಂದೀತು." ಹೇಳಿ ಹೂವಿಗೆ ನೀರು ಬಿಡಲು ಹೋದರು. ಮೈಲಾರದ ಕಾರ್ಣಿಕಕ್ಕೆ ಮಳೆ, ಬೆಳೆ, ರಾಜಕೀಯ ಎಂದು ನಾಲ್ಕು ಅರ್ಥ ಹೇಳುವ ಜನ ನಾವು. ಮಾಮ ಈ ಮಾತಿಗೆ ಎಂಟು ಅರ್ಥ ಕಂಡುಕೊಂಡರು. ನಾಲ್ಕು ಹಗುರದ ಪರ, ನಾಲ್ಕು ಭಾರದ ಪರ.

ಕಡೆಗೆ ಉಳಿದದ್ದು ಹರಪನಹಳ್ಳಿಯ ಲೇತು. ಟಿವಿಎಸ್ ಮೇಲೆ ಒಯ್ದರೆ ಅಂಚಿಗೆ ಏಟು ಬಿದ್ದೀತೆಂದು ಫ್ಲೈವೀಲನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹೊರಟೆವು. ಹತ್ತು ಕೆಜಿ ಆಸುಪಾಸಿನ ಆ ಕಬ್ಬಿಣ ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದ.

"ಚೀಲದಾಗ ಏನೈತ್ರಿ? ಲಗೇಜ್ ಆಕೈತಿ."

"ಫ್ಲೈವೀಲ್."

"ಹಂಗಂದ್ರ?"

ಆ ಪ್ರಶ್ನೆ ಕೇಳಬಾರದಿತ್ತು. ಕೊಟ್ಟೂರು ಬಂದರೂ ವಿವರಣೆ ಮುಗಿಯಲಿಲ್ಲ. ಲಗೇಜ್ ಟಿಕೆಟ್ಟು ಹೋಗಲಿ, ನಡುವೆ ಹತ್ತಿದ ಮೂವರಿಗೆ ಟಿಕೆಟ್ಟೇ ಹರಿಯಲಿಲ್ಲ. ಹರಪನಹಳ್ಳಿಯಲ್ಲಿ ಇಳಿಯುವಾಗ ಆ ಕಂಡಕ್ಟರ್ ನನ್ನ ಕಿವಿಯಲ್ಲಿ, "ನಿಮಗ ಇವರು ಏನಾಗ್ಬೇಕ್ರಿ?" ಎಂದು ಕೇಳಿದ್ದರಲ್ಲಿ ಅನುಕಂಪವಿತ್ತು.

ಹರಪನಹಳ್ಳಿ ಎಂದರೆ 1913ರಲ್ಲಿ ಬೀಚಿಯವರು ಹುಟ್ಟಿದ ಊರು. ಅಲ್ಲಿಯ ನೀರಿನಲ್ಲೇ ಏನೋ ಇರಬೇಕು, ಮುಖ ಗಂಟು ಹಾಕಿಕೊಂಡೇ ನಗಿಸುತ್ತಾರೆ. ಟರ್ನರ್ ಅಜ್ಜನ ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಲೇತು ಪಕ್ಕದ ಹರಿಹರದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಲೇತು ಇನ್ನೂ ತಿರುಗುತ್ತಲೇ ಇದೆ. ಅಜ್ಜ ಫ್ಲೈವೀಲಿಗೆ ಹಗ್ಗ ಪೋಣಿಸಿ ತೊಲೆಗೆ ತೂಗುಹಾಕಿದ. ಸ್ಪ್ಯಾನರಿನಿಂದ ಮೆಲ್ಲಗೆ ಒಂದೇಟು. ಠಣ್ ಎಂದು ಗುಡಿಯ ಗಂಟೆಯ ಹಾಗೆ ನಾದ ಎದ್ದು ನಿಧಾನ ಕರಗಿತು. "ಸೀಳಿಲ್ಲ. ಸೀಳಿದ್ರ ಒಡದ ಗಡಿಗಿ ಸಪ್ಪಳ ಬರ್ತಿತ್ತು." ಆಮೇಲೆ ಚಕ್ರವನ್ನು ಬೆಳಕಿಗೆ ವಾರೆ ಹಿಡಿದು ಮುಖದ ಮೇಲೆ ಹೆಬ್ಬೆರಳು ಆಡಿಸಿದ. ಅಲ್ಲಲ್ಲಿ ನವಿಲಿನ ಕೊರಳಿನಂಥ ನೀಲಿ ಕಲೆಗಳು, ಸಂಡೂರಿನ ಏರಿನಲ್ಲಿ ಪ್ಲೇಟು ಜಾರಿ ಸುಟ್ಟ ಗುರುತು.

"ಕೂದಲೆಳಿಯಷ್ಟು ಫೇಸಿಂಗ್ ಹೊಡದ್ರ ಕನ್ನಡಿ ಆಕೈತಿ. ಮತ್ತೇನು?"

ಮಾಮ ಗಂಟಲು ಸರಿಮಾಡಿಕೊಂಡು, ಅಂಚಿನಲ್ಲಿ ಮೂರು ಕೆಜಿ ತೆಗೆಯಬೇಕೆಂದರು. ಅಂಚೇ ಯಾಕೆಂಬುದಕ್ಕೆ ಲೆಕ್ಕ ಅವರ ನಾಲಿಗೆ ತುದಿಯಲ್ಲಿತ್ತು: ನಡುವಿನಿಂದ ಎರಡು ಪಟ್ಟು ದೂರ ಇರುವ ತೂಕ, ತಿರುಗುವ ಜಡತ್ವದಲ್ಲಿ ನಾಲ್ಕು ಪಟ್ಟು. ಅಂಚಿನಲ್ಲಿ ಒಂದು ಕೆಜಿ ತೆಗೆದರೆ ನಡುವಿಗೂ ಅಂಚಿಗೂ ಅರ್ಧದಾರಿಯಲ್ಲಿ ನಾಲ್ಕು ಕೆಜಿ ತೆಗೆದಂತೆ.

ಅಜ್ಜ ಪೂರ್ತಿ ಕೇಳಿದ. "ಲೆಕ್ಕ ಸರಿ ಐತಿ. ಕಬ್ಬಿಣ ಸರಿ ಇಲ್ಲ. ಇದು ಬೀಡು, ಉಕ್ಕಲ್ಲ. ಬಗ್ಗಂಗಿಲ್ಲ, ಒಡಿತೈತಿ. ಎಷ್ಟರಾಗ ತಿರುಗಸ್ತೀರಿ?"

"ಆರು ಸಾವಿರ."

ನಾನೂ ಸುಮ್ಮನಿರಲಾರದೆ ಚೀಟಿಯ ಹಿಂದೆ ಗುಣಾಕಾರ ಮಾಡಿದೆ. ನಿಮಿಷಕ್ಕೆ ಆರು ಸಾವಿರ ಅಂದರೆ ಸೆಕೆಂಡಿಗೆ ನೂರು ಸುತ್ತು. ಇಪ್ಪತ್ತೆಂಟು ಸೆಂಟಿಮೀಟರ್ ಅಗಲದ ಚಕ್ರವಾದರೆ ಅದರ ಅಂಚು ಗಂಟೆಗೆ ಸುಮಾರು 317 ಕಿಲೋಮೀಟರ್ ವೇಗದಲ್ಲಿರುತ್ತದೆ, ಕಾರು ಕೂಡ್ಲಿಗಿಯ ಶೆಡ್ಡಿನಲ್ಲಿ ಇಟ್ಟಿಗೆ ಮೇಲೆ ನಿಂತಿದ್ದರೂ. ಅಜ್ಜನಿಗೆ ಓದಿ ಹೇಳಿದೆ.

"ಹೌದಾ? ಅದು ಒಡದ್ರ ಎಲ್ಲಿಗೆ ಬರ್ತೈತಿ ಗೊತ್ತೇನ್ರಿ ಸಾವ್ಕಾರ್ರ? ನಿಮ್ಮ ಮೊಳಕಾಲಿಗೆ. ಮೂರು ಕೆಜಿ ನಿಮ್ಮ ಮೈಯಾಗ ಇಳಸ್ರಿ, ಗಾಡಿ ತಾನ ಹಗುರಾಕೈತಿ."

ಬಾಗಿಲಲ್ಲಿ ನಿಂತಿದ್ದ ಹುಡುಗ ಕಿಸಕ್ಕನೆ ನಕ್ಕ. ಮಾಮನಿಗೆ ಬೇಸರವಾಗಬೇಕಿತ್ತು. ಆದರೆ ಇಡೀ ದಾರಿ ಮುಖ ಅರಳಿತ್ತು. ಬೀಡು ಬೇಡ ಅಂದಮೇಲೆ ಉಕ್ಕಿನದು ಮಾಡಿಸಬೇಕು, ಕೊಯಮತ್ತೂರೋ, ಪುಣೆಯೋ? ಇನ್ನು ಮೂರು ವರ್ಷಕ್ಕೆ ಆಗುವಷ್ಟು ಯೋಚನೆ ಸಿಕ್ಕಿತ್ತು.

ಅದನ್ನು ತಪ್ಪಿಸಿದ್ದು ಅತ್ತಿ. ಪಡಸಾಲೆಯ ಮೂಲೆಯಲ್ಲಿ ಅವರ ಅತ್ತೆಯ ಕಾಲದ ಬೀಸೋ ಕಲ್ಲಿದೆ. ಮಾಮ ನನಗೆ ಹದಿನೇಳನೇ ಸಲ ಹಗುರ ಭಾರ ವಿವರಿಸುತ್ತಿದ್ದಾಗ ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ, "ಇಲ್ಲಿ ಬಾ, ತಿರುವು" ಎಂದರು. ತಿರುವಿದೆ. ಮೊದಲ ಸುತ್ತು ತೋಳು ಕಿತ್ತು ಬರುವಂತಿತ್ತು. ಆಮೇಲೆ ಅರ್ಧ ಸುತ್ತು ನಾನು ತಳ್ಳಿದರೆ ಉಳಿದರ್ಧ ಕಲ್ಲೇ ಬರುತ್ತಿತ್ತು.

"ಮ್ಯಾಗಿನ ಕಲ್ಲು ಯಾಕ ಭಾರ ಐತಿ ಗೊತ್ತಾತಾ? ಹಗುರ ಕಲ್ಲು ಬರೇ ತಿರುಗಾಕ ಚಂದ ರೀ. ಜ್ವಾಳ ಬಿದ್ದ ಕೂಡ್ಲೇ ನಿಂತ್ಕಂತೈತಿ. ನಿಮಗ ಹಿಟ್ಟು ಬೇಕೋ, ಗಿರಗಿರ ಬೇಕೋ?"

ಕೊನೆಯ ಪ್ರಶ್ನೆ ಮಾಮನಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಿಗೆ ಉತ್ತರ ಹೊಳೆಯಲಿಲ್ಲ. ಮರುದಿನ ನಾನೊಬ್ಬನೇ ಹರಪನಹಳ್ಳಿಗೆ ಹೋಗಿ ಅಜ್ಜನಿಂದ ಫೇಸಿಂಗ್ ಹೊಡೆಸಿ ತಂದೆ. ಹಳೇ ಚಕ್ರ, ಮಾಮೂಲಿ ಪ್ಲೇಟು, ಹೊಸ ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಆಯಿಲ್ ಸೀಲು. ಎರಡು ಭಾನುವಾರದಲ್ಲಿ ಗೇರ್‌ಬಾಕ್ಸು ಕೂತಿತು. ಅತ್ತಿ ಸಂಡಿಗೆ ಎತ್ತಿದರು, ಇಟ್ಟಿಗೆ ಜಾರಿಸಿದೆವು, ಗಾಡಿ ನೆಲ ಮುಟ್ಟಿತು.

ಕೊಟ್ಟೂರಿನ ದಾರಿ ಹಿಡಿದೆವು. ಕ್ಲಚ್ಚು ಬೆಣ್ಣೆ. ಪರ್ಫಾರ್ಮೆನ್ಸ್ ಕಾರು ಮುಟ್ಟಿದ ಅತಿ ಹೆಚ್ಚಿನ ವೇಗ ನಲವತ್ತು, ಏಕೆಂದರೆ ಅರ್ಧ ರಸ್ತೆಗೆ ಯಾರೋ ಮೆಕ್ಕೆಜೋಳ ಹರಡಿದ್ದರು, ಉಳಿದರ್ಧದಲ್ಲಿ ಕುರಿ ಬರುತ್ತಿದ್ದವು. ಮಾಮ ಮಾತೇ ಆಡಲಿಲ್ಲ.

"ಯಾಕ ಮಾಮ, ಏನಾರ ಸಪ್ಪಳ ಬರ್ತೈತಾ?"

"ಏನೂ ಇಲ್ಲಲೇ ಅಳಿಯಾ. ಎಲ್ಲಾ ಸರಿ ಐತಿ" ಎಂದರು, ಸೂತಕದ ಮನೆಯಿಂದ ಬಂದವರ ದನಿಯಲ್ಲಿ.

ಮರು ಸೋಮವಾರ ಹೋಗಿ ನೋಡಿದರೆ ಗಾಡಿ ಮತ್ತೆ ಇಟ್ಟಿಗೆ ಮೇಲೆ, ಬಾನೆಟ್ಟಿನ ಮೇಲೆ ಸಂಡಿಗೆ. ಮಾಮನ ಮುಖದಲ್ಲಿ ಹಳೇ ಕಳೆ. ಕೈಯಲ್ಲಿ ಬಿಚ್ಚಿದ ಕಾರ್ಬುರೇಟರ್. ಒಂದೇ ಸಾಕೋ, ಎರಡು ಜೋಡಿಸಬೇಕೋ ಎಂಬುದು ಈಗಿನ ಪ್ರಶ್ನೆ. ಓದುಗರಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ, ಕೂಡ್ಲಿಗಿ ಮೇಲೆ ಹೋಗುವಾಗ ದಯವಿಟ್ಟು ಇಳಿಯಬೇಡಿ.