ನಾಲ್ಕನೇ ಸೀಟಿನ ನೌಕಾಯಾನ: ಡೊಂಬಿವಲಿಯ ಖಾಸಗಿ ದೋಣಿಗಳ ಕುರಿತು ಒಂದು ಸಂಶೋಧನೆ

ಸ್ವಂತ ದೋಣಿಯಲ್ಲಿ ಉತ್ತರ ಕೊಂಕಣದ ಮೀನುಗಾರರ ಊರುಗಳನ್ನು ಸುತ್ತುವುದು ಸಾಹುಕಾರರ ಶೋಕಿ ಎಂಬ ತಪ್ಪು ಗ್ರಹಿಕೆ ವಿದ್ವಾಂಸರಲ್ಲೂ ಬೇರುಬಿಟ್ಟಿದೆ. ಡೊಂಬಿವಲಿಯ ಗುಮಾಸ್ತ ಅದನ್ನೇ ಸೀಜನ್ ಪಾಸಿನ ಮೇಲೆ ದಿನಕ್ಕೆರಡು ಸಲ ಮಾಡುತ್ತಾನೆಂಬುದು ಈ ಪ್ರಬಂಧದ ವಾದ. ನಾವು ಮುಂಬಯಿಯ ಲೋಕಲ್ ರೈಲು ಎನ್ನುವುದು ಅಸಲಿಗೆ ಹಡಗು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಎಲ್ಲಿಂದ? ಬೋರಿ ಬಂದರಿನಿಂದ. ಬಂದರಿನಿಂದ ಹೊರಟದ್ದನ್ನು ಹಡಗೆನ್ನದೆ ಮತ್ತೇನೆನ್ನಬೇಕು? ಮರುವರ್ಷ ಅದು ಮುಟ್ಟಿದ ಕಲ್ಯಾಣವೂ ಬಂದರೇ: ಸುಮಾರು ಎರಡು ಸಾವಿರ ವರ್ಷ ಹಳೆಯ ಗ್ರೀಕ್ ‘ಪೆರಿಪ್ಲಸ್’ನಲ್ಲಿ ‘ಕಲ್ಲಿಯೇನ’ ಎಂದು ಬರುವ ಊರು, ಶಿವಾಜಿ ಹಡಗು ಕಟ್ಟಿಸಿದ ಊರು. ನಡುವಿನ ಡೊಂಬಿವಲಿಯ ವ್ಯುತ್ಪತ್ತಿಗೆ ಕನ್ನಡದ ‘ದೊಂಬಿ’ ಸಾಕು. ಬೆಳಗಿನ ಎಂಟರ ಪ್ಲಾಟ್‌ಫಾರ್ಮ್ ಕಂಡವರು ಬೇರೆ ಧಾತು ಹುಡುಕಲಾರರು. (ಮರಾಠಿ ಪಂಡಿತರು ಒಪ್ಪದಿದ್ದರೆ ಅದು ಬರೀ ಮತ್ಸರ.)

ನೀರೆಲ್ಲಿ ಎಂದು ಕೇಳುವವರಿದ್ದಾರೆ. ಠಾಣೆ ಬಿಟ್ಟೊಡನೆ ಕಲ್ವಾಕ್ಕೆ ಮೊದಲು ಖಾಡಿ, ಅಂದರೆ ಕಡಲ ಹಿನ್ನೀರು, ಬರುತ್ತದೆ, ವಾಶಿಯ ಕಡೆ ತಿರುಗಿದವರಿಗೆ ಅಲ್ಲೂ ಖಾಡಿಯ ಸೇತುವೆ ಸಿಗುತ್ತದೆ. ಅದು ಸಾಲದೆಂಬವರು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ 2005ರ ಜುಲೈ 26ನ್ನು ನೆನೆಯಲಿ. ಆದರೆ ನೌಕಾಯಾನಕ್ಕೆ ನೀರಿಗಿಂತ ಮುಖ್ಯವಾದದ್ದು ಉಬ್ಬರವಿಳಿತ. ಬೆಳಿಗ್ಗೆ ದಕ್ಷಿಣಕ್ಕೆ ಇಳಿಯುವ ಜನ ಸಂಜೆ ಉತ್ತರಕ್ಕೆ ಏರುತ್ತಾರೆ. ಸಮುದ್ರದ ಉಬ್ಬರ ದಿನವೂ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಜನರ ಉಬ್ಬರಕ್ಕೆ ಚಂದ್ರನ ಹಂಗಿಲ್ಲ, ಹಾಜರಿ ಪುಸ್ತಕ ಸಾಕು. ತಡವಾಗುವ ವಿಷಯದಲ್ಲಿ ಮಾತ್ರ ರೈಲು ಆಗಾಗ ಸಮುದ್ರವನ್ನೇ ಅನುಕರಿಸುತ್ತದೆ. ಇನ್ನು ಮೀನು: ಲಗೇಜ್ ಡಬ್ಬಿಯಲ್ಲಿ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರ ಬುಟ್ಟಿಯ ಪಕ್ಕ ನಿಂತವನಿಗೆ ಈ ಬಗ್ಗೆ ಅಡಿಟಿಪ್ಪಣಿ ಬೇಕಿಲ್ಲ.

ಸಾವಿರಾರು ಜನ ತುಂಬಿದ್ದು ಖಾಸಗಿ ಹೇಗಾದೀತು ಎಂಬುದು ಗಟ್ಟಿ ಆಕ್ಷೇಪ. ಉತ್ತರ ನಾಲ್ಕನೇ ಸೀಟಿನಲ್ಲಿದೆ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನ ಒಂದು ತೊಡೆ ಹಲಗೆಯ ಮೇಲಿರುತ್ತದೆ, ಇನ್ನೊಂದು ಗಾಳಿಯಲ್ಲಿ. ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟುವ ಮರದ ತುಂಡಿನಂತೆ ಒಂದು ಕಾಲು ನಡುದಾರಿಗೆ ಚಾಚಿರುತ್ತದೆ. ‘ಥೋಡಾ ಸರಕೋ’ ಎಂಬ ಮಂತ್ರದಿಂದ ದಕ್ಕಿದ ಆ ಮೂರಂಗುಲಕ್ಕೆ ಅವನೇ ಒಡೆಯ. ಅಷ್ಟೇ ಅಲ್ಲ, ನಮ್ಮಲ್ಲಿ ವಾಹನ ಯಾರದೆಂದು ತೀರ್ಮಾನಿಸುವುದು ಆಯುಧಪೂಜೆ. ನಾರಳಿ ಪೂರ್ಣಿಮೆಗೆ ಕೋಳಿ ಮೀನುಗಾರರು ತಮ್ಮ ದೋಣಿಗಳನ್ನು ಸಿಂಗರಿಸುತ್ತಾರೆ. ದಸರೆಗೆ ಪ್ರಯಾಣಿಕರು ತಮ್ಮ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟಿ ಆರತಿ ಎತ್ತುತ್ತಾರೆ. ಪರರ ವಾಹನಕ್ಕೆ ಕೈಯಿಂದ ದುಡ್ಡು ಹಾಕಿ ಹೂ ಕಟ್ಟುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಬೇಕಾದಲ್ಲಿ ಇಳಿಯುವ ಸ್ವಾತಂತ್ರ್ಯವಿಲ್ಲವಲ್ಲ ಎಂಬುದೊಂದು ಉಳಿಯಿತು. ನಿಜವಾದ ಹಡಗುಗಳಿದ್ದವರ ಗತಿ ಏನಾಯಿತು? ಕನ್ನಡ ಬಿರುದುಗಳನ್ನು ಧರಿಸಿ ಠಾಣೆಯಿಂದ ಆಳಿದ ಶಿಲಾಹಾರರ ಕೊನೆಯ ದೊರೆ ಸೋಮೇಶ್ವರ, ಯಾದವ ಮಹಾದೇವನಿಗೆ ಸೋತು ಸಮುದ್ರದಲ್ಲೇ ಮುಳುಗಿದ. ಡೊಂಬಿವಲಿಯವನಿಗೆ ಆ ಭಯವಿಲ್ಲ. ಕಲ್ವಾ ದಾಟಿದ ಮೇಲೆ ಬಾಗಿಲ ಕಡೆ ಮುಖಮಾಡಿ ನಿಂತರಾಯಿತು, ದೊಂಬಿಯೇ ದಡ ಮುಟ್ಟಿಸುತ್ತದೆ. ಚಪ್ಪಲಿ ಒಂದು ಹಡಗಿನಲ್ಲೇ ಉಳಿದರೆ ಅದನ್ನು ಬಂದರು ಸುಂಕದ ಬಾಬ್ತಿಗೆ ಬರೆದುಕೊಳ್ಳತಕ್ಕದ್ದು.