ಪ್ಲಗ್ ಕಿತ್ತು ನೋಡುವುದು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿಳಿದು ಪೇಟೆಯೊಳಗೆ ಆರಾಮವಾಗಿ ಒಂದು ಸುತ್ತು ಹಾಕಿದರೆ, ಲೋಕದ ಬಹುಪಾಲು ಆಪರೇಟಿಂಗ್ ಸಿಸ್ಟಮ್‌ಗಳನ್ನು ಕಾಫಿ ಆರುವುದರೊಳಗೆ ನೋಡಿ ಮುಗಿಸಬಹುದು. ಕೆಎಸ್‌ಆರ್‌ಟಿಸಿ ಕಂಡಕ್ಟರ ಕೈಗೆ 2024ರ ಕೊನೆಯ ಹೊತ್ತಿಗೆ ಬಂದ ಹೊಸ ಟಿಕೆಟ್ ಯಂತ್ರ ಆಂಡ್ರಾಯ್ಡ್. ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟನ್ನೂ ಗಂಡಸರಿಗೆ ಕ್ಯೂಆರ್ ಕೋಡನ್ನೂ ಅದೇ ಕೊಡುತ್ತದೆ. ಮೆಡಿಕಲ್ ಸ್ಟೋರಿನ ಮೂಲೆಯಲ್ಲಿ ಧೂಳು ಕುಡಿಯುತ್ತಿರುವುದು ವಿಂಡೋಸ್. ಎಟಿಎಂ ಕೂಡ ಬಹುಮಟ್ಟಿಗೆ ಅದೇ. ಬೇಕರಿಯ ಗಾಜಿನ ಕಪಾಟಿನ ಮೇಲೆ ಕೂತಿರುವ, ಗುಂಡಿಗಳು ಸವೆದು ಹೋದ ಬಿಲ್ಲಿಂಗ್ ಮೆಷಿನ್‌ಗೆ ಹೆಸರು ಹಿಡಿದು ಕರೆಯುವಂಥ ಸಿಸ್ಟಮ್ ಇರುವುದೇ ಅಪರೂಪ. ಒಂದು ಚಿಪ್ಪು, ಅದಕ್ಕೆ ಗೊತ್ತಿರುವುದು ಒಂದೇ ಕೆಲಸ, ಅಷ್ಟೆ. ಎಳನೀರಿನವನ ಗಾಡಿಯಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಕೂಗುವ ಡಬ್ಬಿಯೊಳಗೂ ಒಂದು ಚಿಟಿಕೆ ಗಾತ್ರದ ಸಿಸ್ಟಮ್ ಕೂತಿದೆ.

ಇವುಗಳಲ್ಲಿ ಯಾವುದು ಯಾವ ಜಾತಿಯದೆಂದು ಯಾರೂ ವಿಚಾರಿಸುವುದಿಲ್ಲ. ನಮ್ಮ ಸಮಾಜ ಜಾತಿ ಕೇಳದೆ ಬಿಟ್ಟಿರುವ ಕೆಲವೇ ಪ್ರಾಣಿಗಳಲ್ಲಿ ಇವೂ ಸೇರಿವೆ. ಕೆಟ್ಟಾಗಲೂ ಕೇಳುವುದಿಲ್ಲ, ಏಕೆಂದರೆ ಕೆಟ್ಟದ್ದಕ್ಕೆಲ್ಲ ಒಂದೇ ಹೆಸರಿದೆ: ಸರ್ವರ್. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ಕಾಗದದ ಸುರುಳಿ ಮುಗಿದರೂ ಸರ್ವರ್ ಇಲ್ಲ, ಬ್ಯಾಟರಿ ಸತ್ತರೂ ಸರ್ವರ್ ಇಲ್ಲ, ನಲವತ್ತು ವರ್ಷ ನೂಲು ಎಳೆದು ಹೆಬ್ಬೆಟ್ಟಿನ ಗೆರೆಗಳೇ ಅಳಿಸಿಹೋದ ಅಜ್ಜಿ ಬಂದರೂ ಸರ್ವರ್ ಇಲ್ಲ. ಆ ಸರ್ವರ್ ಎಲ್ಲೋ ಕೂತು ಎಷ್ಟು ಬೈಗುಳ ತಿನ್ನುತ್ತಿದೆಯೋ, ಪಾಪ.

ಹೀಗೆ ನೆಮ್ಮದಿಯಾಗಿದ್ದ ಊರಿನಲ್ಲಿ ನನ್ನ ಸೋದರಮಾವನಿಗೆ ಮಾತ್ರ ಆಪರೇಟಿಂಗ್ ಸಿಸ್ಟಮ್ ಆರಿಸುವ ಪ್ರಸಂಗ ಬಂತು. ಮಗ್ಗದವರ ಬೀದಿಯಲ್ಲಿ ಅವನದು ಹಳೆಯ ದಿನಸಿ ಅಂಗಡಿ. ಎದುರಿಗೆ ಒಂದು ‘ಮಾರ್ಟ್’ ಎದ್ದು, ಅಲ್ಲಿ ಎರಡು ರೂಪಾಯಿಯ ಶಾಂಪೂ ಪೊಟ್ಟಣಕ್ಕೂ ಉದ್ದನೆಯ ಬಿಲ್ಲು ಬರತೊಡಗಿದ ಮೇಲೆ ಮಾವನಿಗೂ ಮಾನದ ಪ್ರಶ್ನೆ ಹುಟ್ಟಿತು. ಸುದ್ದಿ ತಿಳಿದ ವಾರದೊಳಗೆ ಮೂವರು ಹುಡುಗರು ಮೂರು ಪೆಟ್ಟಿಗೆ ಹೊತ್ತು ಬಂದರು. ‘ನೀನು ಕಂಪ್ಯೂಟ್ರು ಓದಿದೋನು ಕಣಪ್ಪ, ಕೂತ್ಕೊಂಡು ಕೇಳು. ಮೂರೂ ಜನ ಒಂದೇ ಮಾತು ಹೇಳ್ತಾರೆ, ರೇಟು ಮಾತ್ರ ಬೇರೆ ಬೇರೆ’ ಎಂದು ನನ್ನನ್ನು ಕರೆಸಿದ.

ಗಲ್ಲಾಪೆಟ್ಟಿಗೆಗೆ ಯಂತ್ರ ಸೇರಿಸುವ ಆಲೋಚನೆ ಹುಟ್ಟಿದ್ದು ಅಮೆರಿಕದ ಡೇಟನ್ ಎಂಬ ಊರಿನ ಒಬ್ಬ ಹೆಂಡದಂಗಡಿಯವನಿಗೆ. ಜೇಮ್ಸ್ ರಿಟ್ಟಿ ಎಂದು ಹೆಸರು. ಕೆಲಸದ ಹುಡುಗರು ದುಡ್ಡು ಹೊಡೆಯುತ್ತಾರೆಂಬ ಕೊರಗಿನಲ್ಲಿ ಹಡಗು ಹತ್ತಿ ಯುರೋಪಿಗೆ ಹೊರಟಿದ್ದ. ಹಡಗಿನಲ್ಲಿ ಪ್ರೊಪೆಲರ್ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಯಂತ್ರ ಕಂಡಿತು. ಸುತ್ತು ಎಣಿಸಬಹುದಾದರೆ ರೊಕ್ಕವನ್ನು ಯಾಕೆ ಎಣಿಸಬಾರದು? 1879ರಲ್ಲಿ ಪೇಟೆಂಟ್ ಪಡೆದ ಅವನ ಯಂತ್ರಕ್ಕೆ ಇಟ್ಟ ಹೆಸರಿನ ಅರ್ಥ ‘ಲಂಚಕ್ಕೆ ಬಗ್ಗದ ಕ್ಯಾಷಿಯರ್’. ಎನ್‌ಸಿಆರ್ ಎಂಬ ದೈತ್ಯ ಕಂಪನಿ ಬೆಳೆದದ್ದು ಅದೇ ಬೇರಿನಿಂದ. ಮಾವನ ಅಂಗಡಿಯಲ್ಲಿ ಕದಿಯುವವರು ಯಾರೂ ಇಲ್ಲ. ಇರುವುದು ಸಾಲ ಹೇಳುವವರು. ಅವರ ವಿರುದ್ಧ ಇನ್ನೂ ಯಾರೂ ಪೇಟೆಂಟ್ ತೆಗೆದುಕೊಂಡಿಲ್ಲ.

ಮೊದಲ ಹುಡುಗನದು ವಿಂಡೋಸ್. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ಮಾತು. ‘ಇದು ಮನೆ ಕಂಪ್ಯೂಟರ್ ವಿಂಡೋಸ್ ಅಲ್ಲ ಸಾರ್, ಐಒಟಿ ಎಂಟರ್‌ಪ್ರೈಸ್. 2032ರವರೆಗೂ ಅಪ್‌ಡೇಟ್ ಬರುತ್ತೆ’ ಎಂದ. ಅದು ಸುಳ್ಳಲ್ಲ, ವಿಂಡೋಸ್ 10ರ 2021ರ ದೀರ್ಘಾವಧಿ ಆವೃತ್ತಿಗೆ 2032ರ ಜನವರಿವರೆಗೆ ಆಯುಷ್ಯವಿದೆ. ಮನೆಗಳಲ್ಲಿರುವ ಅದೇ ಹೆಸರಿನ ವಿಂಡೋಸ್‌ಗೆ 2025ರ ಅಕ್ಟೋಬರ್ 14ಕ್ಕೇ ಗಂಟೆ ಹೊಡೆದಾಗಿದೆ. ಅಂಗಡಿಯ ಯಂತ್ರಕ್ಕೆ ಮನೆಯ ಯಂತ್ರಕ್ಕಿಂತ ಹೆಚ್ಚು ಆಯುಷ್ಯ ಬರೆಯುವುದು ಆ ಕಂಪನಿಯ ಹಳೆಯ ಪದ್ಧತಿ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಎಳ್ಳುನೀರು ಬಿಟ್ಟರೂ, ಅದರದೇ ಹೊಟ್ಟೆಯಲ್ಲಿ ಹುಟ್ಟಿದ, ಕ್ಯಾಷ್ ಕೌಂಟರಿಗೆಂದೇ ಮಾಡಿದ ಪಿಒಎಸ್‌ರೆಡಿ 2009ಕ್ಕೆ 2019ರ ಏಪ್ರಿಲ್‌ವರೆಗೂ ಔಷಧಿ ಕೊಡುತ್ತಲೇ ಇದ್ದರು. ಇದನ್ನು ಪತ್ತೆ ಮಾಡಿದ ಕಿಲಾಡಿಗಳು ತಮ್ಮ ಮನೆಯ ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ‘ನಾನೂ ಕ್ಯಾಷ್ ಕೌಂಟರೇ’ ಎಂದು ಅದರಿಂದ ಸುಳ್ಳು ಹೇಳಿಸಿ, ಆ ಅಪ್‌ಡೇಟ್‌ಗಳನ್ನು ಎಳೆದುಕೊಂಡರು. ಪಡಿತರಕ್ಕಾಗಿ ಬೇರೆ ಕಾರ್ಡು ಮಾಡಿಸುವುದು ನಮ್ಮವರಿಗೆ ಮಾತ್ರ ಬರುವ ವಿದ್ಯೆಯೇನಲ್ಲ. ಇತ್ತ ನಮ್ಮ ಬ್ಯಾಂಕುಗಳು ಎಕ್ಸ್‌ಪಿಯ ಎಟಿಎಂಗಳನ್ನು ಹಾಗೇ ಇಟ್ಟುಕೊಂಡಿದ್ದು, 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕೇ ‘ಒಂದು ವರ್ಷದೊಳಗೆ ಬದಲಿಸಿ’ ಎಂದು ಗದರಬೇಕಾಯಿತು.

ಹುಡುಗ ಇನ್ನೊಂದು ಗುಣ ಹೊಗಳಿದ. ಯಂತ್ರದಲ್ಲಿ ಒಂದು ಫಿಲ್ಟರ್ ಇದೆಯಂತೆ. ದಿನವಿಡೀ ಯಾರು ಏನು ಕೆಡಿಸಿದರೂ ಅದೆಲ್ಲ ತಾತ್ಕಾಲಿಕ ನೆನಪಿನಲ್ಲೇ ಉಳಿದು, ಆಫ್ ಮಾಡಿ ಆನ್ ಮಾಡಿದರೆ ಮೊದಲಿನ ಹಾಗೇ ಎದ್ದು ಬರುತ್ತದೆ. ಇದು ನಿಜಕ್ಕೂ ಒಳ್ಳೆಯ ಗುಣ, ಕಿಯೋಸ್ಕ್‌ಗಳಿಗಂತೂ ಬೇಕೇಬೇಕು. ಶಾಲೆ ಬಿಟ್ಟ ಮೇಲೆ ಒರೆಸಿಟ್ಟ ಸ್ಲೇಟು ಎಂದು ನಾನು ಮಾವನಿಗೆ ವಿವರಿಸಿದೆ. ಮಾವ ಬೆಚ್ಚಿಬಿದ್ದ. ‘ನಿನ್ನೆ ವ್ಯಾಪಾರಾನೂ ಒರೆಸಿಬಿಡ್ತೈತಾ? ಸಾಲದ್ದು?’ ಲೆಕ್ಕವನ್ನು ಫಿಲ್ಟರಿನ ಹೊರಗೆ, ಡಿಸ್ಕಿನ ಬೇರೆ ಭಾಗದಲ್ಲಿ ಇಡಬೇಕು ಎಂದು ಸಮಾಧಾನ ಹೇಳುವಷ್ಟರಲ್ಲಿ, ಬಾಗಿಲಲ್ಲಿ ಬೀಡಿ ಕೊಳ್ಳಲು ನಿಂತಿದ್ದ ಸಾಲಗಾರನೊಬ್ಬ ‘ಇದೇ ತಗೊಳ್ಳಿ ಯಜಮಾನ್ರೇ, ಚೆನ್ನಾಗೈತೆ’ ಎಂದು ಶಿಫಾರಸು ಮಾಡಿಬಿಟ್ಟ.

ವಿಂಡೋಸ್ ಎಂದಾಗ ನಮ್ಮ ಜಿಲ್ಲೆಯವರಿಗೆ 2024ರ ಜುಲೈ 19 ನೆನಪಾಗಬೇಕು. ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಗಟ್ಟಿದವು. ದೇವನಹಳ್ಳಿ ತಾಲ್ಲೂಕಿನಲ್ಲಿರುವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬೆಳಗ್ಗೆ 10.40ರ ಹೊತ್ತಿಗೆ ಚೆಕ್‌ಇನ್ ವ್ಯವಸ್ಥೆ ಏದುಸಿರು ಬಿಡತೊಡಗಿತು. ಮುಖ ನೋಡಿ ಬಾಗಿಲು ತೆಗೆಯುವ ಡಿಜಿಯಾತ್ರೆ, ನಾವೇ ಬ್ಯಾಗು ಹಾಕಿ ಬರುವ ಯಂತ್ರ ಎಲ್ಲ ಇರುವ ಜಾಗ ಅದು. ಅಂದು ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಬಾಲ್‌ಪೆನ್ನಿನಲ್ಲಿ ಬರೆದು ಕೊಟ್ಟರು. ಆ ಕೆಟ್ಟ ಫೈಲನ್ನು ತೆಗೆಯಲು ಎಷ್ಟೋ ಕಡೆ ಒಬ್ಬ ಮನುಷ್ಯ ಒಂದೊಂದೇ ಯಂತ್ರದ ಮುಂದೆ ಹೋಗಿ ನಿಲ್ಲಬೇಕಾಯಿತು. ಗೋಡೆಯೊಳಗೆ ಹುದುಗಿಸಿದ, ಕೀಲಿಮಣೆಯೇ ಇಲ್ಲದ ಕಿಯೋಸ್ಕ್ ಆದರೆ ಮೊದಲು ಬೀಗದಕೈ ಹುಡುಕಬೇಕು. ಸಿಸ್ಟಮ್ ಆರಿಸುವವರು ಕೇಳಬೇಕಾದ ದೊಡ್ಡ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ: ಇದು ಬಿದ್ದ ದಿನ ಎತ್ತಲು ಯಾರು, ಎಷ್ಟು ದೂರದಿಂದ ಬರುತ್ತಾರೆ? ಮಿಕ್ಕ ಗುಣಗಳನ್ನೆಲ್ಲ ಆಮೇಲೆ ತೂಗಬಹುದು.

ಎರಡನೆಯವನದು ಆಂಡ್ರಾಯ್ಡ್. ಅಂಗೈಯಷ್ಟಗಲ, ತಲೆಯಲ್ಲೇ ಪ್ರಿಂಟರು, ಹೊಟ್ಟೆಯಲ್ಲೇ ಬ್ಯಾಟರಿ, ಎಲ್ಲರಿಗಿಂತ ಅಗ್ಗ. ಕನ್ನಡವೂ ಸಲೀಸು. 2014ರ ಲಾಲಿಪಾಪ್ ಆವೃತ್ತಿಯಿಂದಲೇ ಆಂಡ್ರಾಯ್ಡ್ ತನ್ನ ಪರದೆಯನ್ನೆಲ್ಲ ಕನ್ನಡದಲ್ಲಿ ತೋರಿಸಬಲ್ಲದು. ಆದರೆ ತೋರಿಸುವುದು ಬೇರೆ, ಅಚ್ಚು ಹಾಕುವುದು ಬೇರೆ. ಸಾಮಾನ್ಯವಾದ ಥರ್ಮಲ್ ಪ್ರಿಂಟರಿನ ತಲೆಯೊಳಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ, ಯುರೋಪಿನ ಒಂದಿಷ್ಟು ಚುಕ್ಕಿ ಕೊಂಬುಗಳಿರುತ್ತವೆ, ನಮ್ಮ ಒತ್ತಕ್ಷರವಿರುವುದಿಲ್ಲ. ಹಾಗಾಗಿ ಕನ್ನಡದ ಬಿಲ್ಲನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಬಿಡಿಸಿ ಕಳಿಸಬೇಕು, ಆ ಚಿತ್ರ ಬಿಡಿಸುವ ಸಿಸ್ಟಮ್‌ಗೆ ಒತ್ತು ಎಲ್ಲಿ ಕೂರಬೇಕೆಂದು ಗೊತ್ತಿರಬೇಕು. ಇದು ಕೈಕೊಟ್ಟ ಬಿಲ್ಲುಗಳಲ್ಲಿ ‘ಸಕ್‌ಕರೆ’, ‘ಅಕ್‌ಕಿ’, ‘ಹುಣಸೆಹಣ್‌ಣು’ ಎಂದು ದಿನಸಿಯೆಲ್ಲ ತೊದಲುತ್ತ ಬರುತ್ತದೆ. ಇವನ ಯಂತ್ರ ತೊದಲಲಿಲ್ಲ. ಆದರೆ ಹುಡುಗ ಟೀ ಕುಡಿಯಲು ಹೋದ ಹೊತ್ತಿನಲ್ಲಿ, ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಚಿಕ್ಕವನು ಅದರಲ್ಲಿ ಕ್ರಿಕೆಟ್ ಹಾಕಿಕೊಂಡು ಕೂತಿದ್ದ. ಒಂದೇ ಆ್ಯಪ್‌ಗೆ ಬೀಗ ಹಾಕಿಡುವ ಸೌಕರ್ಯ ಆಂಡ್ರಾಯ್ಡ್‌ನಲ್ಲೇ ಇದೆ, ಮಾರುವವರು ಹಾಕಿ ಕೊಡುವುದಿಲ್ಲ. ‘ಸೆಕ್ಯುರಿಟಿ ಅಪ್‌ಡೇಟ್ ಯಾವ ಇಸವಿವರೆಗೆ?’ ಎಂದು ಕೇಳಿದೆ. ‘ಅದೆಲ್ಲ ಆಟೋಮ್ಯಾಟಿಕ್ ಸಾರ್’ ಎಂದ. ಇಸವಿ ಕೇಳಿದವನಿಗೆ ಆಟೋಮ್ಯಾಟಿಕ್ ಎಂದು ಉತ್ತರ ಬಂದರೆ ಅಲ್ಲಿಗೆ ಮಾತು ನಿಲ್ಲಿಸುವುದು ಒಳ್ಳೆಯದು.

ಮೂರನೆಯವನು ಹೆಚ್ಚು ಮಾತಾಡಲಿಲ್ಲ. ಸೊಣಕಲ ಹುಡುಗ, ಅದೇ ಊರಿನವನು. ಪುಟ್ಟ ಪೆಟ್ಟಿಗೆಯಲ್ಲಿ ಲಿನಕ್ಸ್ ಹಾಕಿ, ತಾನೇ ಬರೆದ ಬಿಲ್ಲಿಂಗ್ ತೋರಿಸಿದ. ಲೈಸೆನ್ಸಿಗೆ ದುಡ್ಡಿಲ್ಲ, ಎಷ್ಟು ಬೇಕೋ ಅಷ್ಟೇ ಭಾಗ ಇಟ್ಟುಕೊಂಡು ಉಳಿದದ್ದನ್ನು ಕಿತ್ತು ಹಾಕಬಹುದು. ಯಾರೂ ಗುರುತು ಹಿಡಿಯದ ಪ್ರಿಂಟರು, ತಕ್ಕಡಿ ಬಂದಾಗ ಡ್ರೈವರ್ ಹುಡುಕುವುದೇ ಇದರ ಕಷ್ಟ.

ಲಿನಕ್ಸ್ ನಮ್ಮ ಸೀಮೆಗೆ ಹೊಸಬನಲ್ಲ. ಹಳ್ಳಿಯವರು ಹಂಚಿಕೊಂಡು ಬಳಸಲೆಂದು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮುಂತಾದವರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಲಿನಕ್ಸಿನ ಮೇಲೇ ನಿಂತಿತ್ತು. ಅಂಗೈಯಲ್ಲಿ ಹಿಡಿಯುವ ಯಂತ್ರ, ಮುಟ್ಟಿದರೆ ಕೇಳುವ ಪರದೆ, ಒಬ್ಬೊಬ್ಬರಿಗೆ ಒಂದು ಸ್ಮಾರ್ಟ್‌ಕಾರ್ಡು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿತು. ಜಮೀನಿನ ದಾಖಲೆಗಳ ‘ಭೂಮಿ’ ಯೋಜನೆಯವರೂ ಬಳಸಿ ನೋಡಿದರು. ಮಾರಾಟ ಮಾತ್ರ ಸಾವಿರಗಳ ಲೆಕ್ಕದಲ್ಲೇ ನಿಂತುಹೋಯಿತು. ಈಗ ಕಂಡಕ್ಟರ ಕೈಯಲ್ಲಿರುವ ಆಂಡ್ರಾಯ್ಡಿನ ತಿರುಳೂ ಲಿನಕ್ಸೇ. ಸಿಂಪ್ಯೂಟರ್ ಕೇಳಿದ್ದನ್ನೆಲ್ಲ ಕಾಲ ಕೊಟ್ಟಿದೆ, ವಿಳಾಸ ತಪ್ಪಿ ಬೇರೆ ಮನೆಗೆ.

ಭೂಮಿ ಎಂದೆನಲ್ಲ, ಅದರ ಒಂದು ಸಣ್ಣ ಜಾಣ್ಮೆಯನ್ನು ಬಿಲ್ಲಿಂಗ್ ಕೌಂಟರಿನವರೆಲ್ಲ ಕಲಿಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆಗಳನ್ನು ಗಣಕಕ್ಕೆ ಏರಿಸಿ ತಾಲ್ಲೂಕು ಕಚೇರಿಗಳಲ್ಲಿ ಕಿಯೋಸ್ಕ್ ತೆರೆದಾಗ, 15 ರೂಪಾಯಿ ಕೊಟ್ಟು ನಿಂತ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟರು. ಒಳಗೆ ಕೂತವನು ಏನು ಒತ್ತುತ್ತಿದ್ದಾನೆಂಬುದು ಹೊರಗೆ ನಿಂತವನಿಗೂ ಕಾಣುತ್ತಿತ್ತು. ಹೆಬ್ಬೆರಳು ಕೊಟ್ಟು ಒಳಹೋಗಬೇಕಾದವನು ಅಲ್ಲಿ ರೈತನಲ್ಲ, ಸಿಬ್ಬಂದಿ. ನ್ಯಾಯಬೆಲೆ ಅಂಗಡಿಯ ಅಜ್ಜಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಮೂವರೂ ವಾದ ಮುಗಿಸಿದ ಮೇಲೆ ಮಾವ ಎದ್ದ. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮೂರೂ ಯಂತ್ರದಲ್ಲಿ ಅರ್ಧ ಬಿಲ್ಲು ಹಾಕಿಸಿ, ಗೋಡೆಯ ಬಳಿಗೆ ಹೋಗಿ, ಪ್ಲಗ್ ಕಿತ್ತ.

ಇದು ಅವನ ಸ್ವಂತ ಸಂಶೋಧನೆ ಎನ್ನುವ ಹಾಗಿಲ್ಲ, ಅವನು ಬೆಳೆದ ಬೀದಿಯ ವಿದ್ಯೆ. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಜಕಾರ್ಡ್ ಕೂತಿರುತ್ತದೆ. ತೂತು ಹೊಡೆದ ರಟ್ಟುಗಳ ಸರ ಸುತ್ತುತ್ತ, ಯಾವ ಎಳೆ ಏಳಬೇಕೆಂದು ಹೇಳುತ್ತದೆ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರ ಸುಮಾರಿಗೆ ರೂಪಿಸಿದ್ದು, ಗಣಕಗಳಿಗೆ ತೂತುಪಟ್ಟಿಯ ದಾರಿ ತೋರಿದ್ದು. ಕರೆಂಟು ಹೋದರೆ ರಟ್ಟು ಮೂರ್ಛೆ ಹೋಗುವುದಿಲ್ಲ, ಬಂದಾಗ ಮಗ್ಗ ನಿಂತ ಕಡೆಯಿಂದಲೇ ಸೀರೆಯ ಸೆರಗು ಮುಂದುವರಿಸುತ್ತದೆ. ಇನ್ನೂರು ವರ್ಷದ ಯಂತ್ರಕ್ಕೆ ಬರುವುದು ಹೊಸದಕ್ಕೆ ಬರಬೇಡವೇ ಎಂಬುದು ಮಾವನ ನ್ಯಾಯ.

ಪ್ಲಗ್ ಮತ್ತೆ ಚುಚ್ಚಿದಾಗ ವಿಂಡೋಸ್ ತನ್ನ ಡಿಸ್ಕನ್ನು ತಾನೇ ಪರೀಕ್ಷಿಸಿಕೊಳ್ಳುತ್ತ ಕೂತಿತು. ಫಿಲ್ಟರ್ ಯಾಕೆ ಕೆಲಸ ಮಾಡಲಿಲ್ಲವೆಂದರೆ, ಅದನ್ನು ಆನ್ ಮಾಡಿ ಕೊಡಲು ಬೇರೆ ಚಾರ್ಜಂತೆ. ಆಂಡ್ರಾಯ್ಡ್‌ಗೆ ಕರೆಂಟು ಹೋದದ್ದೇ ತಿಳಿಯಲಿಲ್ಲ. ಮಾವ ಅಷ್ಟಕ್ಕೆ ಬಿಡಲಿಲ್ಲ. ‘ಬ್ಯಾಟ್ರಿ ಸತ್ತ ಮೇಲೆ?’ ಎಂದ. ಹೊಸದು ತಗೋಬೇಕು ಎಂದಿತು ಉತ್ತರ. ಲಿನಕ್ಸಿನ ಪೆಟ್ಟಿಗೆ ಬೇಗ ಎದ್ದಿತು, ಹಳೆಯ ಲೆಕ್ಕವೆಲ್ಲ ಇತ್ತು, ಅರ್ಧ ಬಿಲ್ಲು ಮಾತ್ರ ಇರಲಿಲ್ಲ. ಸೊಣಕಲ ಹುಡುಗ ತಲೆ ಕೆರೆದುಕೊಂಡು, ಪೆಟ್ಟಿಗೆ ಎತ್ತಿಕೊಂಡು ಹೋದವನು ಕೆಲವು ದಿನ ಬಿಟ್ಟು ತಾನಾಗಿಯೇ ಬಂದ. ಈ ಸಲ ಅವನೇ ಪ್ಲಗ್ ಕಿತ್ತು ತೋರಿಸಿದ. ಒಂದೊಂದು ಸಾಮಾನು ಒತ್ತಿದಾಗಲೂ ಆಗಲೇ ಬರೆದಿಟ್ಟುಕೊಳ್ಳುವ ಹಾಗೆ ಮಾಡಿದ್ದ. ಅರ್ಧ ಬಿಲ್ಲು ಹಾಗೇ ಇತ್ತು, ಸಕ್ಕರೆ ಸಕ್ಕರೆಯಾಗೇ ಇತ್ತು. ಮಾವ ಅಲ್ಲೇ ಮುಂಗಡ ಕೊಟ್ಟ. ಲಿನಕ್ಸ್ ಎಂಬ ಹೆಸರು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆ ‘ಆ ಹುಡುಗನ ಮಿಷನ್ನು’ ಎನ್ನುತ್ತಾನೆ.

ಮೊನ್ನೆ ಕಾನೂನು ಮಾಪನ ಇಲಾಖೆಯವರು ವರ್ಷದ ಪದ್ಧತಿಯಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ಮುದ್ರೆ ಹಾಕಲು ಬಂದಿದ್ದರು. ಮಾವ ಬಿಲ್ಲಿಂಗ್ ಪೆಟ್ಟಿಗೆಯನ್ನೂ ಪಕ್ಕಕ್ಕೆ ಸರಿಸಿ, ‘ಇದಕ್ಕೂ ಒಂದು ಹಾಕಿಬಿಡಿ ಸ್ವಾಮಿ’ ಎಂದ.

‘ಇದು ತೂಗಲ್ವಲ್ಲ ಯಜಮಾನ್ರೇ.’

‘ತಕ್ಕಡಿ ತೂಗಿದ್ದು ಸರಿ ಅಂತ ನೀವು ಹೇಳ್ತೀರಿ. ಇದು ಕೂಡಿದ್ದು ಸರಿ ಅಂತ ಯಾರು ಹೇಳ್ತಾರೆ?’

ಅವರು ಪ್ಲಗ್ ಎಲ್ಲಿದೆ ಎಂದು ನೋಡತೊಡಗಿದರು. ಅವರ ಮುದ್ರೆಯ ಕೆಲಸಕ್ಕೂ ಕರೆಂಟು ಬೇಕಿತ್ತಂತೆ. ಮಾವ ಯಾವುದನ್ನು ಕೀಳಬಾರದೆಂದು ತೋರಿಸಿ, ಯಾವುದನ್ನು ಕಿತ್ತರೂ ಅಡ್ಡಿಯಿಲ್ಲವೆಂದು ಹೆಮ್ಮೆಯಿಂದ ವಿವರಿಸಿದ.