ನಮ್ಕಡೆಯವರು

ವಿಶಾಖಪಟ್ಟಣಕ್ಕೆ ಬಂದು 30 ವರ್ಷವಾದರೂ ನನ್ನ ಗೆಳೆಯರೊಬ್ಬರು ಇನ್ನೂ ಬಾಗಲಕೋಟೆಯಲ್ಲೇ ಇದ್ದಾರೆ. ದೇಹವೇನೋ ಇಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತವಾಗಿ, ಗಾಜುವಾಕದಲ್ಲಿ ಮನೆ ಕಟ್ಟಿಕೊಂಡಿದೆ. ಆದರೆ ಸಮುದ್ರ ತೋರಿಸಿದರೂ ಅವರ ಬಾಯಿಂದ ಬರುವುದು ಒಂದೇ ಮಾತು: “ಚಲೋ ಐತ್ರಿ. ಆದ್ರ ನಮ್ಮ ಕಡೆ ಆಲಮಟ್ಟಿ ತುಂಬಿದಾಗ ನೋಡಬೇಕ್ರಿ ಸರ್ರ!” ನಮ್ಮ ಕನ್ನಡ ಬಳಗದಲ್ಲಿ ಅವರಿಗೆ ‘ನಮ್ಕಡೆಯವರು’ ಎಂದೇ ಹೆಸರು.

ಆಷಾಢ ಹುಣ್ಣಿಮೆಯ ಹೊತ್ತಿಗೆ ಸಿಂಹಾಚಲದ ಗಿರಿಪ್ರದಕ್ಷಿಣೆ ನಡೆಯುತ್ತದೆ. ಲಕ್ಷಾಂತರ ಜನ ಬರಿಗಾಲಲ್ಲಿ 32 ಕಿಲೋಮೀಟರ್ ಸುತ್ತುತ್ತಾರೆ. “ಅದು ಮುಂಜಾನಿ ವಾಕಿಂಗ್‌ರಿ. ನಮ್ಮ ಕಡೆ ಮಂದಿ ಶ್ರೀಶೈಲಕ್ಕ ಯುಗಾದಿಗೆ ನಡಕೋತ ಹೋಗ್ತಾರ” ಎಂದರು. ಹಾಗಾದರೆ ಬೆಜವಾಡಕ್ಕೇ, ಅಂದರೆ ವಿಜಯವಾಡದ ಕನಕದುರ್ಗೆಯ ಸನ್ನಿಧಿಗೇ, ನಡೆಯೋಣ ಎಂದೆ. ಎದುರಿಗೆ ನಾಲ್ಕು ಜನ ಇದ್ದುದರಿಂದ ಅವರು ಒಪ್ಪಲೇಬೇಕಾಯಿತು.

ಅದಕ್ಕಾಗಿ ಭವಾನಿ ದೀಕ್ಷೆ ತೊಟ್ಟೆವು. ಕೆಂಪು ಬಟ್ಟೆ, ಬರಿಗಾಲು, ತಲೆಯ ಮೇಲೆ ಇರುಮುಡಿ. ದೀಕ್ಷೆಯಲ್ಲಿರುವವರು ಒಬ್ಬರನ್ನೊಬ್ಬರು ‘ಭವಾನಿ’ ಎಂದೇ ಕರೆಯಬೇಕು. ನಮ್ಕಡೆಯವರು ಮಾತ್ರ ನನ್ನನ್ನು ‘ಸರ್ರ’ ಎನ್ನುವುದನ್ನು ಬಿಡಲಿಲ್ಲ.

ಮಾರ್ಗಶಿರದ ಒಂದು ನಸುಕಿನಲ್ಲಿ ಬುರುಜುಪೇಟೆಯ ಕನಕ ಮಹಾಲಕ್ಷ್ಮಿಗೆ ಕೈಮುಗಿದು ಹೊರಟೆವು. ಆ ತಾಯಿಯ ತಲೆಯ ಮೇಲೆ ಸೂರಿಲ್ಲ. ಭಕ್ತರೇ ಮುಟ್ಟಿ ಪೂಜೆ ಮಾಡಬಹುದು. “ಶ್ರೀಶೈಲದ ಮಲ್ಲಯ್ಯನ್ನೂ ನಾವು ಮುಟ್ಟತೀವ್ರಿ” ಎಂದು ಅವರು ಮೊದಲ ಅಂಕ ಗಳಿಸಿದರು.

ವಿಜಯವಾಡ ಸುಮಾರು 350 ಕಿಲೋಮೀಟರ್. 16ನೇ ರಾಷ್ಟ್ರೀಯ ಹೆದ್ದಾರಿ, ಎಡಬಿಡದ ಲಾರಿ. ಬಿಸಿಲೇರಿದ ಮೇಲೆ ಕಪ್ಪು ಡಾಂಬರು ಸುಡುತ್ತದೆ. ಅಂಚಿನ ಬಿಳಿಗೆರೆ ಅಷ್ಟು ಸುಡುವುದಿಲ್ಲ. ಹಾಗಾಗಿ ಹಗ್ಗದ ಮೇಲೆ ನಡೆಯುವ ದೊಂಬರಂತೆ ಆ ಗೆರೆ ಹಿಡಿದೇ ಎಲ್ಲರೂ ಸಾಲಾಗಿ ನಡೆಯುತ್ತಾರೆ. ಹಿಂದಿನಿಂದ ಪ್ರವಚನ ಕೇಳುತ್ತಲೇ ಇತ್ತು: “ಇದೇನ್ ದಾರಿರಿ? ನಲ್ಲಮಲ ಕಾಡಿನ್ಯಾಗ ಭೀಮನಕೊಳ್ಳ ಇಳದು ಏರಬೇಕ್ರಿ! ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡಿಯವರು…”

“ಮರಗಾಲಿದ್ದರೆ ಡಾಂಬರು ಸುಡುತ್ತಿರಲಿಲ್ಲ” ಎಂದೆ. ಅವರಿಗೆ ಕೇಳಿಸಲಿಲ್ಲ.

ಎರಡನೆಯ ದಿನ ಅನಕಾಪಲ್ಲಿ. ಬೆಲ್ಲಕ್ಕೆ ಹೆಸರಾದ ಪೇಟೆ. ಯಾರೋ ಒಂದು ಅಚ್ಚು ಮುರಿದು ಕೊಟ್ಟರು. ಚಪ್ಪರಿಸಿದರು, ಕಣ್ಣುಮುಚ್ಚಿದರು. “ಮಹಾಲಿಂಗಪುರದ ಬೆಲ್ಲ ಇದಕ್ಕಿಂತ ಒಂದ್ ಗುಂಜಿ ಹೆಚ್ಚು” ಎಂದು ತೀರ್ಪು ಕೊಟ್ಟು, ಇನ್ನೊಂದು ತುಂಡಿಗೆ ಕೈಚಾಚಿದರು. ಅನ್ನದಾನದ ಪೆಂಡಾಲಿನಲ್ಲಿ “ನಮ್ಮ ಕಡೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ” ಎಂದು ಹಲುಬುತ್ತಲೇ ಮೂರು ಸಲ ಪುಳಿಹೋರ ಹಾಕಿಸಿಕೊಂಡರು.

ಮೂರನೆಯ ದಿನ, ಎಲಮಂಚಿಲಿ ದಾಟಿದ ಮೇಲೆ, ಅವರ ಎರಡೂ ಅಂಗಾಲಲ್ಲಿ ಬೊಬ್ಬೆ ಎದ್ದವು. ಶ್ರೀಕಾಕುಳದ ಕಡೆಯ ಹಿರಿಯ ಭವಾನಿಯೊಬ್ಬರು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹರಳೆಣ್ಣೆಗೆ ಅರಿಸಿನ ಕಲಸಿ ಹಚ್ಚುತ್ತ ನಕ್ಕರು: “ಕೊತ್ತ ಕಾಳ್ಳಂಡಿ ಇವಿ!” ಇವು ಹೊಸ ಕಾಲು.

ಆ ರಾತ್ರಿ ಚಾಪೆಯ ಮೇಲೆ ಹೊರಳುತ್ತಿದ್ದವರು ತಾವಾಗಿಯೇ ಬಾಯಿಬಿಟ್ಟರು. “ನಡದಾಕಿ ನಮ್ಮವ್ವರಿ. ನಾ ಸಾಮಾನಿನ ಟ್ರ್ಯಾಕ್ಟರ್‌ನ್ಯಾಗ ರೊಟ್ಟಿ ಚೀಲದ ಮ್ಯಾಲ ಕುಂತು ಹೋಗಿದ್ದೆ. ಎಂಟು ವರ್ಷದಾಂವ ಇದ್ದಾಗ, ಒಮ್ಮೆ. ಆಮ್ಯಾಲ ಸಾಲಿ, ನೌಕರಿ…”

“ಮತ್ತೆ ಭೀಮನಕೊಳ್ಳ?”

“ಅಲ್ಲಿ ಟ್ರ್ಯಾಕ್ಟರ್ ಹೋಗಂಗಿಲ್ರಿ” ಎಂದು ಮಗ್ಗುಲಾದರು. “ರಸ್ತೆ ಮ್ಯಾಲ ಸುತ್ತು ಹೊಡದು ಹೋದ್ವಿ.”

ಮರುದಿನದಿಂದ ಅವರು ‘ನಮ್ಮ ಕಡೆ’ ಎನ್ನಲೇ ಇಲ್ಲ. ಅರಿವೆ ಸುತ್ತಿದ ಕಾಲಲ್ಲಿ ಬಿಳಿಗೆರೆ ತಪ್ಪದೆ ಸುಮ್ಮನೆ ನಡೆದರು. ಮೂರು ದಿನ ಬೇಡಿಕೊಂಡ ಮೌನ ಸಿಕ್ಕಿತ್ತು. ದಾರಿ ಮಾತ್ರ ಯಾಕೋ ಉದ್ದವೆನಿಸಿತು. ಅನ್ನವರದಲ್ಲಿ ಸತ್ಯನಾರಾಯಣ ಸ್ವಾಮಿಯ ಪ್ರಸಾದ ಸಿಕ್ಕಿತು. ಗೋಧಿ ನುಚ್ಚಿನ ಸಿಹಿ, ತುಪ್ಪ. ಎಲೆಯಲ್ಲಿ ಕಟ್ಟಿದ್ದು, ಇನ್ನೂ ಬಿಸಿ. ನಮ್ಮ ಸಪಾದಭಕ್ಷ್ಯದ ರವೆ ಸಜ್ಜಿಗೆ ಇದಕ್ಕಿಂತ ಎಷ್ಟು ಗುಂಜಿ ಹೆಚ್ಚು ಎಂದು ಕಿವಿಗೊಟ್ಟು ಕಾದೆ. ಅವರು ಎಲೆ ನೆಕ್ಕಿದರು, ಅಷ್ಟೆ.

ಆಗ ಊರಿನಿಂದ ಅವರ ತಮ್ಮನ ಫೋನು ಬಂತು. ನಮ್ಕಡೆಯವರು ಸೆಟೆದು ಕುಳಿತರು.

“ನಿಮ್ಮದೇನ್ ಪಾದಯಾತ್ರಿ ಬಿಡೋ ತಮ್ಮಾ, ಗಿಡದ ನೆಳ್ಳಾಗ ಅಡ್ಡಾಡೂದು! ನಮ್ಮ ಕಡೆ ಬೆಜವಾಡಕ್ಕ ನಡಿಯೂ ಮಂದಿನ್ನ ನೋಡಬಾ. ಬರಿಗಾಲು, ಸುಡೂ ಡಾಂಬರು, ಮ್ಯಾಲ ಲಾರಿ…”

ಕನಕದುರ್ಗೆಯ ಇಂದ್ರಕೀಲಾದ್ರಿ ಇನ್ನೂ 200ಕ್ಕೂ ಹೆಚ್ಚು ಕಿಲೋಮೀಟರ್ ಆಚೆಗಿತ್ತು. ಅವರು ಫೋನನ್ನು ಕಿವಿಯಿಂದ ತುಸು ಸರಿಸಿ, ಸಾಕ್ಷಿ ಹೇಳೆನ್ನುವಂತೆ ನನ್ನತ್ತ ನೋಡಿದರು.

“ಹೌದಿಲ್ರಿ, ಭವಾನಿ?”